ದೊಡ್ಡ ಕುಟುಂಬಗಳ ಫೌಂಡೇಶನ್ ಯಾವ ಕೆಲಸಕ್ಕೆ ಹಣ ಕೊಡುತ್ತದೆ? ಅರ್ಜಿ ಬರೆಯುವ ಮೊದಲು ಓದಿ

ತಾಲ್ಲೂಕು ಮಟ್ಟದಲ್ಲಿ ಒಳ್ಳೆ ಕೆಲಸ ಮಾಡುತ್ತಿರುವ ಎಷ್ಟೋ ಸಂಸ್ಥೆಗಳು ದೊಡ್ಡ ಫೌಂಡೇಶನ್‌ಗಳಿಗೆ ಪ್ರಪೋಸಲ್ ಕಳಿಸಿ, ಉತ್ತರ ಬಾರದೆ ಕೈಚೆಲ್ಲಿ ಕೂರುತ್ತವೆ. ಇಂಗ್ಲಿಷ್ ಸರಿ ಇರಲಿಲ್ಲವೇನೋ, ದೊಡ್ಡವರ ಪರಿಚಯ ಇಲ್ಲದ್ದಕ್ಕೆ ಹೀಗಾಯಿತೇನೋ ಅಂದುಕೊಳ್ಳುತ್ತಾರೆ. ಬಹಳ ಸಲ ಕಾರಣ ಬೇರೆಯೇ ಇರುತ್ತದೆ. ಹಣ ಯಾವುದಕ್ಕೆ ಹೋಗಬೇಕು ಅನ್ನುವುದನ್ನು ಆ ಕುಟುಂಬ ನಿಮ್ಮ ಕಾಗದ ತಲುಪುವ ಎಷ್ಟೋ ಮೊದಲೇ ತೀರ್ಮಾನ ಮಾಡಿರುತ್ತದೆ. ಆ ತೀರ್ಮಾನ ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ಕೇಳಬೇಕು, ಎಲ್ಲಿ ಕೇಳಲೇಬಾರದು ಅನ್ನುವುದು ತಾನಾಗಿ ತಿಳಿಯುತ್ತದೆ. ಸಣ್ಣ ಸಂಸ್ಥೆಗಳ ಜೊತೆ ಕೂತು ಪ್ರಪೋಸಲ್, ಬಜೆಟ್ ಬರೆಸುವುದು ನನ್ನ ಕೆಲಸ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಹಣ ಯಾರದು ಅಂತ ಮೊದಲು ನೋಡಿ

ಹೆಸರಲ್ಲಿ ಫೌಂಡೇಶನ್ ಅಂತ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಬೇರೆ, ಕುಟುಂಬದ ಸ್ವಂತ ಹಣ ಬೇರೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಯಾವ ಕೆಲಸ ಅನ್ನುವ ಪಟ್ಟಿ ಕಾಯ್ದೆಯ 7ನೇ ಶೆಡ್ಯೂಲಿನಲ್ಲಿದೆ. ಕಾರ್ಖಾನೆ, ಕಚೇರಿ ಇರುವ ಸುತ್ತಮುತ್ತಲ ಊರುಗಳಿಗೆ ಮೊದಲ ಆದ್ಯತೆ. ವರ್ಷ ವರ್ಷ ಲೆಕ್ಕ ಒಪ್ಪಿಸಬೇಕಾದ್ದರಿಂದ ಕಣ್ಣಿಗೆ ಕಾಣುವ, ಬೇಗ ಮುಗಿಯುವ ಕೆಲಸಗಳ ಕಡೆ ಒಲವು ಜಾಸ್ತಿ. ಶಾಲೆಗೆ ಕೊಠಡಿ, ಶೌಚಾಲಯ, ಕುಡಿಯುವ ನೀರಿನ ಘಟಕ, ಹೀಗೆ.

ಕುಟುಂಬದ ಹಣಕ್ಕೆ ಆ ಪಟ್ಟಿ ಇಲ್ಲ. ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೆ ಬಳಸಬೇಕು ಅನ್ನುವ ನಿಯಮವೇನೋ ಇದೆ. ಆದರೆ ಯಾವ ಕೆಲಸಕ್ಕೆ, ಎಷ್ಟು ವರ್ಷ ಅನ್ನುವುದು ಟ್ರಸ್ಟಿಗಳಿಗೆ ಬಿಟ್ಟದ್ದು. ಶಿಕ್ಷಕರ ತರಬೇತಿ, ಅಂತರ್ಜಲ, ಜೈಲಿನಲ್ಲಿರುವ ವಿಚಾರಣಾಧೀನ ಕೈದಿಗಳಿಗೆ ವಕೀಲರ ನೆರವು ಇಂಥವು ಎರಡು ವರ್ಷದಲ್ಲಿ ಫಲ ಕೊಡುವ ಕೆಲಸಗಳಲ್ಲ. ಇವಕ್ಕೆ ಕಾಯುವ ತಾಳ್ಮೆ ಇರುವ ಹಣ ಬೇಕು. ಆ ತಾಳ್ಮೆ ಕುಟುಂಬದ ಹಣಕ್ಕೆ ಸಾಧ್ಯ.

ಈ ವ್ಯತ್ಯಾಸ ಗೊತ್ತಿಲ್ಲದೆ ತಪ್ಪು ಬಾಗಿಲು ತಟ್ಟುವವರು ಬಹಳ. ಇನ್ಫೋಸಿಸ್ ಫೌಂಡೇಶನ್ 1996ರಲ್ಲಿ ಶುರುವಾದದ್ದು, ಅದು ಕಂಪನಿಯದು. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ನಂದನ್ ನಿಲೇಕಣಿ ಅವರ ಹೆಂಡತಿ ರೋಹಿಣಿ ನಿಲೇಕಣಿ ಅವರ ದಾನದ ಕೆಲಸ ಅವರ ಸ್ವಂತ ಹಣದ್ದು. ವಿಪ್ರೋ ಫೌಂಡೇಶನ್ ಕಂಪನಿಯದು, ಅಜೀಂ ಪ್ರೇಮ್‌ಜಿ ಫೌಂಡೇಶನ್ ವಿಪ್ರೋವನ್ನು ಬೆಳೆಸಿದ ಪ್ರೇಮ್‌ಜಿ ಅವರ ಸ್ವಂತ ಹಣದ್ದು. 2019ರ ಮಾರ್ಚ್‌ನಲ್ಲಿ ಪ್ರೇಮ್‌ಜಿ ಅವರು ವಿಪ್ರೋದ ಇನ್ನೂ ಶೇ 34ರಷ್ಟು ಷೇರುಗಳಿಂದ ಬರುವ ಲಾಭವನ್ನು ತಮ್ಮ ಫೌಂಡೇಶನ್ ಕೆಲಸಕ್ಕೆ ಬಿಟ್ಟುಕೊಟ್ಟರು. ಆಗಿನ ಲೆಕ್ಕದಲ್ಲಿ ಅದು ₹52,750 ಕೋಟಿ. ಹಿಂದಿನದೂ ಸೇರಿ ಒಟ್ಟು ₹1.45 ಲಕ್ಷ ಕೋಟಿ. ಇಷ್ಟು ದೊಡ್ಡ ಮೂಲಧನ ಇರುವ ಫೌಂಡೇಶನ್ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಒಂದೇ ವಿಷಯ ಹಿಡಿದು ಹತ್ತಾರು ವರ್ಷ ಕೂರಬಹುದು.

ವಿದೇಶದ ಫೌಂಡೇಶನ್ ಆದರೆ ನಿಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲವೇ ಆ ಹಣಕ್ಕೆ ಸರ್ಕಾರದ ಪೂರ್ವಾನುಮತಿ ಇರಲೇಬೇಕು. ಬೇರೆ ಸಂಸ್ಥೆಗೆ ಬಂದ ವಿದೇಶಿ ಹಣದಲ್ಲಿ ಪಾಲು ಪಡೆಯುವ ದಾರಿಯೂ 2020ರ ತಿದ್ದುಪಡಿಯ ನಂತರ ಮುಚ್ಚಿದೆ. ಅದಕ್ಕೇ ಎಫ್‌ಸಿಆರ್‌ಎ ಇಲ್ಲದ ಸಣ್ಣ ಸಂಸ್ಥೆಗಳಿಗೆ ನಮ್ಮ ದೇಶದ ಕುಟುಂಬಗಳ ಹಣ ಇವತ್ತು ಇಷ್ಟು ಮುಖ್ಯವಾಗಿರುವುದು.

2. ಕುಟುಂಬದ ಕಥೆ ಓದಿ

ವೆಬ್‌ಸೈಟ್‌ನಲ್ಲಿ ಧ್ಯೇಯ, ದೂರದೃಷ್ಟಿ ಅಂತ ಎಲ್ಲರೂ ಹೆಚ್ಚುಕಮ್ಮಿ ಒಂದೇ ಥರ ಬರೆದುಕೊಂಡಿರುತ್ತಾರೆ. ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆ ಕುಟುಂಬದಲ್ಲಿ ಏನು ನಡೆಯಿತು, ಯಾರು ಯಾರನ್ನು ಕಳೆದುಕೊಂಡರು, ಮನೆಯ ಹಿರಿಯರು ಏನು ಮಾಡುತ್ತಿದ್ದರು ಅಂತ ನೋಡಿ. ಹಣ ಹರಿಯುವ ದಾರಿ ಅಲ್ಲಿಂದಲೇ ಶುರುವಾಗಿರುತ್ತದೆ.

ಟಾಟಾ ಉದ್ಯಮ ಕಟ್ಟಿದ ಜಮ್ಷೆಡ್‌ಜಿ ಅವರ ಮಗ ದೊರಾಬ್ಜಿ ಟಾಟಾ. ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷವೇ ದೊರಾಬ್ಜಿ ಹೆಂಡತಿಯ ಹೆಸರಲ್ಲಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಮಾಡಿದರು. ರಕ್ತದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವವರಿಗೆ ಅದು ಇವತ್ತಿಗೂ ನೆರವು ಕೊಡುತ್ತದೆ. ಅದೇ 1932ರಲ್ಲಿ ತಮ್ಮ ಆಸ್ತಿಯನ್ನೆಲ್ಲ ಇನ್ನೊಂದು ಟ್ರಸ್ಟಿಗೆ ಬರೆದುಕೊಟ್ಟು, ಕೆಲವೇ ತಿಂಗಳಲ್ಲಿ ತಾವೂ ತೀರಿಕೊಂಡರು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆದದ್ದು ಆ ಟ್ರಸ್ಟಿನ ಹಣದಿಂದ. ನಮ್ಮ ಎಷ್ಟೋ ಊರುಗಳಿಂದ ಇವತ್ತಿಗೂ ಜನ ರೈಲು ಹತ್ತಿ ಆ ಆಸ್ಪತ್ರೆಗೆ ಹೋಗುತ್ತಾರೆ. ಒಂದು ಮನೆಯ ದುಃಖ ಇಷ್ಟು ದೂರ ಬಂದಿದೆ.

ಪ್ರೇಮ್‌ಜಿ ಅವರ ತಾಯಿ ವೈದ್ಯೆ. ಮುಂಬೈನಲ್ಲಿ ಮಕ್ಕಳ ಮೂಳೆ ಚಿಕಿತ್ಸೆಯ ಧರ್ಮಾರ್ಥ ಆಸ್ಪತ್ರೆ ಕಟ್ಟುವುದಕ್ಕೆ ಬದುಕನ್ನೇ ಕೊಟ್ಟವರು. ತಮ್ಮ ಮೇಲೆ ಹೆಚ್ಚು ಪ್ರಭಾವ ಬೀರಿದ್ದು ಅಮ್ಮ ಅಂತ ಪ್ರೇಮ್‌ಜಿ ಬರೆದಿದ್ದಾರೆ. 2013ರಲ್ಲಿ ಸಂಪತ್ತಿನ ಹೆಚ್ಚು ಪಾಲು ದಾನ ಮಾಡುವ 'ಗಿವಿಂಗ್ ಪ್ಲೆಡ್ಜ್' ಪ್ರತಿಜ್ಞೆಗೆ ಸಹಿ ಹಾಕಿದ ಮೊದಲ ಭಾರತೀಯ ಅವರು. ಆದರೆ 2000ದಲ್ಲಿ ಫೌಂಡೇಶನ್ ಶುರುವಾದಾಗ ಅದು ಹಿಡಿದದ್ದು ಆಸ್ಪತ್ರೆಯನ್ನಲ್ಲ, ಸರ್ಕಾರಿ ಶಾಲೆಯನ್ನು. ಮನೆಯ ಕಥೆ ದಿಕ್ಕು ತೋರಿಸುತ್ತದೆ, ವಿಷಯವನ್ನು ತೀರ್ಮಾನಿಸುವುದು ಲೆಕ್ಕಾಚಾರ. ಖಾಸಗಿ ಶಾಲೆ ಎಷ್ಟು ಕಟ್ಟಿದರೂ ಬಡವರ ಮಕ್ಕಳು ಓದುವುದು ಸರ್ಕಾರಿ ಶಾಲೆಯಲ್ಲೇ, ಅಲ್ವಾ?

ರೋಹಿಣಿ ನಿಲೇಕಣಿ ಅವರ ಅರ್ಘ್ಯಂ ಇನ್ನೊಂದು ಬಗೆಯದು. 2001ರಲ್ಲಿ ಶುರುವಾದ ಸಂಸ್ಥೆ ಅದು. 2005ರಲ್ಲಿ ಅವರು ತಮ್ಮ ಸ್ವಂತದ ₹100 ಕೋಟಿ ಹಾಕಿ, ಇನ್ನು ಮುಂದೆ ನೀರು ಮತ್ತು ನೈರ್ಮಲ್ಯವೊಂದೇ ಅಂತ ಗಟ್ಟಿ ಮಾಡಿಕೊಂಡರು. ಶಿಕ್ಷಣಕ್ಕೆ ಕೊಡುವವರು ಆಗಲೂ ಬಹಳ ಇದ್ದರು, ನೀರಿಗೆ ಕೊಡುವವರು ಕಡಿಮೆ. ಗಮನಿಸಬೇಕಾದ್ದು ಆಮೇಲಿನ ಹೆಜ್ಜೆ. 2008–09ರಲ್ಲಿ ಅರ್ಘ್ಯಂ ಕರ್ನಾಟಕದ 28 ಜಿಲ್ಲೆಗಳ 172 ಗ್ರಾಮ ಪಂಚಾಯಿತಿಗಳಲ್ಲಿ ಮನೆ ಮನೆಗೆ ಹೋಗಿ ನೀರು, ಶೌಚಾಲಯದ ಸ್ಥಿತಿ ಏನು ಅಂತ ಸಮೀಕ್ಷೆ ಮಾಡಿಸಿತು. ಜನರನ್ನೇ ಕೇಳಿ ತಿಳಿದುಕೊಳ್ಳುವುದಕ್ಕೂ ಹಣ ತೆಗೆದಿಟ್ಟಿದ್ದರು. ಇಂಥ ಫೌಂಡೇಶನ್ ಹತ್ತಿರ ಹೋಗುವಾಗ ನಿಮ್ಮ ಊರಿನ ಲೆಕ್ಕ ನಿಮ್ಮ ಬಾಯಲ್ಲಿರಬೇಕು.

3. ಒಳಗೆ ಕೇಳುವ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ

ವಿಷಯ ಗೊತ್ತಾದ ಮೇಲೆ ಫೌಂಡೇಶನ್ನಿನ ತಂಡ ತಿಂಗಳುಗಟ್ಟಲೆ ಓಡಾಡುತ್ತದೆ. ಈ ಕ್ಷೇತ್ರದಲ್ಲಿ ಯಾರು ಏನು ಮಾಡುತ್ತಿದ್ದಾರೆ, ಎಲ್ಲಿ ಯಾರೂ ಇಲ್ಲ, ಸರ್ಕಾರ ಎಲ್ಲಿಯವರೆಗೆ ಬಂದಿದೆ ಅಂತ ನೋಡುತ್ತಾರೆ. ಆಮೇಲೆ ಟ್ರಸ್ಟಿಗಳ ಮುಂದೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಎಲ್ಲ ಕಡೆ ಇವೇ. ಈ ಕೊರತೆಯಿಂದ ಎಷ್ಟು ಜನಕ್ಕೆ ತೊಂದರೆಯಾಗುತ್ತಿದೆ? ನಾವು ಕೊಡದಿದ್ದರೆ ಬೇರೆ ಯಾರಾದರೂ ಕೊಡುತ್ತಾರಾ? ನಾವು ಹೊರಗೆ ಬಂದ ಮೇಲೂ ಕೆಲಸ ನಡೆಯುತ್ತದಾ? ಮಾಡುವವರು ಯಾರು?

ನಮ್ಮ ರಾಜ್ಯದ ಶಾಲೆಗಳ ಮೊಟ್ಟೆಯ ವಿಚಾರ ತೆಗೆದುಕೊಳ್ಳಿ. ಈ ಪ್ರಶ್ನೆಗಳನ್ನೆಲ್ಲ ಅದರಲ್ಲೇ ಓದಬಹುದು. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿತು. ವಿರೋಧ ಬಂತು, ಚರ್ಚೆ ನಡೆಯಿತು, ಆದರೂ ಮಕ್ಕಳು ಸಾಲಲ್ಲಿ ನಿಂತು ತಿಂದರು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು. ವಾರಕ್ಕೆ ಎರಡು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನದ ಖರ್ಚು ತಾನು ಕೊಡುತ್ತೇನೆ ಅಂತ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. 3 ವರ್ಷಕ್ಕೆ ಸುಮಾರು ₹1,500 ಕೋಟಿ. ಸರ್ಕಾರಿ, ಅನುದಾನಿತ ಶಾಲೆಗಳ 10ನೇ ತರಗತಿವರೆಗಿನ ಸುಮಾರು 55 ಲಕ್ಷ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ.

ಇಲ್ಲಿ ಅಡುಗೆ ಕೋಣೆ ಮೊದಲೇ ಇತ್ತು. ಬೆಳಿಗ್ಗೆ ಬಂದು ಒಲೆ ಹಚ್ಚುವ ಅಡುಗೆಯ ಅಕ್ಕಂದಿರು ಇದ್ದರು. ಹಾಜರಿ ಪುಸ್ತಕ ಇತ್ತು, ಮೊಟ್ಟೆ ಕೊಳ್ಳುವ ವ್ಯವಸ್ಥೆ ಇತ್ತು, ಸರ್ಕಾರದ ಆದೇಶ ಇತ್ತು. ಮಕ್ಕಳು ತಿನ್ನುತ್ತಾರೆ ಅನ್ನುವುದೂ ಖಾತ್ರಿಯಾಗಿತ್ತು. ಇಲ್ಲದ್ದು ಇನ್ನು ನಾಲ್ಕು ದಿನದ ಹಣ ಮಾತ್ರ. ಹೊಸದಾಗಿ ಏನನ್ನೂ ಕಟ್ಟದೆ, ನಡೆಯುತ್ತಿರುವ ಕೆಲಸದ ಕೊರತೆಯನ್ನು ತುಂಬುವ ಅವಕಾಶ ಇದು. ದೊಡ್ಡ ಫೌಂಡೇಶನ್‌ಗಳಿಗೆ ಇಂಥ ಕೆಲಸ ಬಹಳ ಇಷ್ಟ.

ನಿಮ್ಮ ಕೆಲಸವನ್ನೂ ಹೀಗೇ ಬಿಡಿಸಿ ನೋಡಿ. ಅಂಗನವಾಡಿ ಇದೆ, ಗ್ರಂಥಾಲಯ ಇದೆ, ಸ್ತ್ರೀಶಕ್ತಿ ಸಂಘ ಇದೆ, ನರೇಗಾದಲ್ಲಿ ಕೆಲಸ ನಡೆದಿದೆ. ಇದರಲ್ಲಿ ಯಾವ ಕೊಂಡಿ ತಪ್ಪಿದೆ? ಅದನ್ನು ಎರಡು ಸಾಲಲ್ಲಿ ಹೇಳಲು ಬಂದರೆ ಅರ್ಧ ಕೆಲಸ ಆದಂತೆ.

ನನಗೆ ನೋವಾಗುವ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಿಕ್ಷಣ, ಆರೋಗ್ಯಕ್ಕೆ ಹಣ ಕೊಡಲು ಕುಟುಂಬಗಳು ಮುಂದೆ ಬರುತ್ತವೆ. ಭೂಮಿ ಹಕ್ಕು, ಜಾತಿ ದೌರ್ಜನ್ಯ, ಪೌರಕಾರ್ಮಿಕರ ಕೂಲಿ ಅಂದರೆ ಹಿಂಜರಿಯುತ್ತವೆ. ವ್ಯಾಪಾರ ಇರುವ ಮನೆಗೆ ಜಗಳ ಬೇಡ ಅನ್ನುವ ಭಯ ಇರುತ್ತದೆ. ನ್ಯಾಯ ಸಿಗುವ ದಾರಿ, ನಾಗರಿಕರ ಪಾಲ್ಗೊಳ್ಳುವಿಕೆ, ಗಂಡು ಹುಡುಗರ ಜೊತೆ ಲಿಂಗ ಸಮಾನತೆಯ ಕೆಲಸ, ಮಾನಸಿಕ ಆರೋಗ್ಯ ಇಂಥ ವಿಷಯಗಳನ್ನು ಬಹಿರಂಗವಾಗಿ ಹೆಸರಿಸಿ ಕೊಡುವ ರೋಹಿಣಿ ನಿಲೇಕಣಿ ಅವರಂಥವರು ಕಡಿಮೆ. ಹಕ್ಕಿನ ಕೆಲಸ ಮಾಡುವ ಸಂಸ್ಥೆಗಳು ಹಣಕ್ಕಾಗಿ ತಮ್ಮ ಹೆಸರು, ಭಾಷೆ ಬದಲಿಸಿಕೊಳ್ಳುವುದನ್ನು ನೋಡಿದಾಗ ಸಂಕಟ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಮಾಡದ ಕೆಲಸಕ್ಕೆ ಹಣ ತಂದರೆ ಮೂರು ವರ್ಷ ಅದರ ಹಿಂದೆಯೇ ಓಡಬೇಕು, ನಿಮ್ಮನ್ನು ನಂಬಿದ ಜನ ಹಿಂದೆ ಉಳಿಯುತ್ತಾರೆ.

4. ಒಂದು ಪುಟ ಬರೆಯಿರಿ, ಸರಿಯಾದವರಿಗೆ ಕಳಿಸಿ

ಅಧ್ಯಕ್ಷರ ಹೆಸರಿಗೆ, ಕುಟುಂಬದ ಯಜಮಾನರ ಹೆಸರಿಗೆ ಉದ್ದ ಪತ್ರ ಬರೆಯುವುದರಿಂದ ಲಾಭ ಕಡಿಮೆ. ನಿಮ್ಮ ವಿಷಯ ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್ ಯಾರು ಅಂತ ಹುಡುಕಿ. ಆ ಫೌಂಡೇಶನ್ನಿಂದ ಈಗಾಗಲೇ ಹಣ ಪಡೆಯುತ್ತಿರುವ ಸಂಸ್ಥೆಯನ್ನು ಕೇಳಿದರೆ ಹೇಳುತ್ತಾರೆ. ಎಷ್ಟೋ ಫೌಂಡೇಶನ್‌ಗಳು ಅರ್ಜಿ ಕರೆಯುವುದೇ ಇಲ್ಲ, ತಮಗೆ ಗೊತ್ತಿರುವವರ ಮೂಲಕ ಸಂಸ್ಥೆಗಳನ್ನು ತಾವೇ ಹುಡುಕುತ್ತವೆ. ಅದಕ್ಕೇ ಜಿಲ್ಲೆಯ ಇತರ ಸಂಸ್ಥೆಗಳ ಜೊತೆ ಸ್ನೇಹ ಚೆನ್ನಾಗಿರಬೇಕು.

ಅವರು ಯಾವ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತಾರೆ ಅಂತಲೂ ನೋಡಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ತಂಡ ಯಾದಗಿರಿ, ಕಲಬುರಗಿಯಂಥ ಕಡೆ ಬಹಳ ವರ್ಷದಿಂದ ಇದೆ. ಅಂಥ ಕಡೆ ಅವರ ಸ್ಥಳೀಯ ಕಚೇರಿಯವರಿಗೆ ನಿಮ್ಮ ಕೆಲಸ ಕಾಣಿಸಿದರೆ, ಬೆಂಗಳೂರಿಗೆ ಕಳಿಸಿದ ಹತ್ತು ಇಮೇಲಿಗಿಂತ ಮೇಲು.

ಮೊದಲು ಕಳಿಸುವುದು ಒಂದೇ ಪುಟ, ಜಾಸ್ತಿ ಅಂದರೆ ಎರಡು. ಎಲ್ಲಿ, ಯಾರಿಗೆ, ಏನು ಕೊರತೆ, ಇಷ್ಟು ವರ್ಷದಲ್ಲಿ ನೀವೇನು ಮಾಡಿದ್ದೀರಿ, ಈಗ ಏನು ಬೇಕು, ಎಷ್ಟು ಹಣ. ಅಷ್ಟು ಸಾಕು. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲೇ ಬರೆದು, ಆಮೇಲೆ ಬೇಕಾದರೆ ಯಾರಿಂದಲಾದರೂ ಇಂಗ್ಲಿಷ್ ಮಾಡಿಸಿಕೊಳ್ಳಿ. ಸಬಲೀಕರಣ, ಸರ್ವಾಂಗೀಣ ಅಭಿವೃದ್ಧಿ ಅನ್ನುವ ಪದಗಳನ್ನು ತೆಗೆದು ನೋಡಿ. ಆಗಲೂ ಪುಟದಲ್ಲಿ ಏನಾದರೂ ಉಳಿದರೆ ಅದೇ ನಿಮ್ಮ ಪ್ರಪೋಸಲ್.

5. ಬಜೆಟ್ ಬಿಡಿಸಿ ಬರೆಯಿರಿ

ಓದುವವರು ಮೊದಲು ತಿರುಗಿಸುವುದು ಬಜೆಟ್ ಪುಟವನ್ನು. 'ಪ್ರಯಾಣ ವೆಚ್ಚ ₹1,00,000' ಅಂತ ಬರೆದರೆ ಅದು ಊಹೆ ಅಂತ ಗೊತ್ತಾಗುತ್ತದೆ. 'ಕಾರ್ಯಕರ್ತೆಯರ ಓಡಾಟ: 4 ಜನ × ತಿಂಗಳಿಗೆ ₹2,000 × 12 ತಿಂಗಳು = ₹96,000' ಅಂತ ಬರೆಯಿರಿ. ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿ: ಬಸ್ ಇರುವ ಊರುಗಳು ಯಾವುವು, ಟಂಟಂ ಅಥವಾ ಸ್ಕೂಟಿಯೇ ಗತಿ ಇರುವ ಊರುಗಳು ಯಾವುವು. ಆ ಒಂದು ಸಾಲಿನಿಂದ ನೀವು ಊರು ಕಂಡವರು ಅಂತ ಅವರಿಗೆ ನಂಬಿಕೆ ಬರುತ್ತದೆ.

ಕಚೇರಿ ಬಾಡಿಗೆ, ಲೆಕ್ಕ ಬರೆಯುವವರ ಸಂಬಳ, ಆಡಿಟ್ ಫೀಸು, ಸಿಬ್ಬಂದಿಯ ಪಿಎಫ್ ಇವನ್ನು ಮುಚ್ಚಿಡಬೇಡಿ. ಕಡಿಮೆ ತೋರಿಸಿದರೆ ಹಣ ಬೇಗ ಸಿಗುತ್ತದೆ ಅನ್ನುವುದು ತಪ್ಪು ಲೆಕ್ಕ. ನಮ್ಮ ಹುಡುಗಿಯರು ಹತ್ತು ಸಾವಿರಕ್ಕೂ ಕಡಿಮೆ ಸಂಬಳಕ್ಕೆ ಬಿಸಿಲಲ್ಲಿ ಅಲೆಯುತ್ತಿರುವುದಕ್ಕೆ ಈ ಸಂಕೋಚವೂ ಒಂದು ಕಾರಣ. ಕೇಳಿ. ತಿಳಿದ ಫೌಂಡೇಶನ್‌ಗಳು ಈಗ ಇದಕ್ಕೆಲ್ಲ ಕೊಡುತ್ತವೆ.

ಕೇಳಬಾರದ್ದು ಒಂದಿದೆ. ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನಲು ಮೂಲನಿಧಿ ಕೊಡಿ ಅಂತ ಟ್ರಸ್ಟ್ ಹತ್ತಿರ ಕೇಳಬೇಡಿ. ಒಂದು ಟ್ರಸ್ಟ್ ತನ್ನ ಆದಾಯದಿಂದ ಇನ್ನೊಂದರ ಮೂಲನಿಧಿಗೆ ಕೊಟ್ಟ ಹಣ, ಆ ಶೇ 85ರ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ಮನಸ್ಸಿದ್ದರೂ ಕಷ್ಟ.

6. ಊರಿಗೆ ಬಂದಾಗ

ಒಂದು ಪುಟ ಹಿಡಿಸಿದರೆ ಯಾರಾದರೂ ನೋಡಲು ಬರುತ್ತಾರೆ. ಹೆಚ್ಚು ಪಾಲು ತೀರ್ಮಾನ ಆಗುವುದು ಇಲ್ಲೇ.

ಕೊಪ್ಪಳ ಕಡೆಯ ಒಂದು ಹಳ್ಳಿಗೆ ಹೀಗೆ ಒಬ್ಬ ಪ್ರೋಗ್ರಾಂ ಆಫೀಸರ್ ಬಂದಿದ್ದರು. ನಾನೂ ಜೊತೆಗಿದ್ದೆ. ಅಂಗನವಾಡಿ ಮುಂದೆ ಶಾಮಿಯಾನ, ಶಾಲು, ಹಾರ ಎಲ್ಲ ತಯಾರಿತ್ತು. ಸಂಸ್ಥೆಯ ಕಾರ್ಯದರ್ಶಿ ಸ್ವಾಗತ ಭಾಷಣ ಮಾಡುತ್ತಿದ್ದಾಗ ಆಫೀಸರ್ ಆಗಿ ಬಂದಿದ್ದ ಹೆಣ್ಣುಮಗಳು ಒಳಗೆ ಹೋಗಿ ಚಾಪೆ ಮೇಲೆ ಕೂತು, ಅಲ್ಲಿನ ಕಾರ್ಯಕರ್ತೆಯನ್ನು ಮಕ್ಕಳ ತೂಕದ ಪುಸ್ತಕ ಕೇಳಿದರು. ಕಾರ್ಯಕರ್ತೆ ಹಾಳೆ ತಿರುವುತ್ತಾ, "ಮೇಡಂ, ಹ್ವಾದ ವರ್ಷ ಮೂರು ಮಕ್ಕಳು ಕೆಂಪು ಪಟ್ಟಿಯಾಗ ಇದ್ರು. ಎರಡು ಮ್ಯಾಲೆ ಬಂದಾವ್ರಿ. ಒಂದು ಇನ್ನೂ ಬಂದಿಲ್ರಿ, ಅವರವ್ವ ಗುಳೇ ಹೋಗ್ಯಾಳ, ಅಜ್ಜಿ ಹತ್ರ ಐತಿ" ಅಂದಳು. ಆಫೀಸರ್ ಬರೆದುಕೊಂಡಿದ್ದು ಆ ಒಂದು ಮಗುವಿನ ವಿಷಯವನ್ನು. ಆಮೇಲೆ ಅರ್ಧ ಗಂಟೆ ಗುಳೇ ಹೋಗುವ ಮನೆಗಳ ಬಗ್ಗೆಯೇ ಮಾತು. ಕೊನೆಗೆ ಮಂಜೂರಾದದ್ದು ಗುಳೇ ಹೋದವರ ಮಕ್ಕಳನ್ನು ನೋಡಿಕೊಳ್ಳುವ ಭಾಗಕ್ಕೆ. ಮೊದಲ ಪ್ರಪೋಸಲ್‌ನಲ್ಲಿ ಅದು ಎರಡು ಸಾಲಿತ್ತು ಅಷ್ಟೆ.

ಹಾಗಾಗಿ ಶಾಲು, ಹಾರ ಬೇಡ. ಊರಿನ ಜನಕ್ಕೆ ಇಂಥದ್ದೇ ಹೇಳಿ ಅಂತ ಕಲಿಸಬೇಡಿ. ಆಗದೇ ಉಳಿದ ಕೆಲಸವನ್ನೂ ತೋರಿಸಿ. ಕೆಲಸ ಮಾಡುವ ಹುಡುಗಿ ಮಾತಾಡಲಿ, ಅಧ್ಯಕ್ಷರು ಸುಮ್ನೆ ಕೂತಿರಲಿ.

7. ಕಾಗದ ಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ರಸ್ಟ್ ಡೀಡ್ ಅಥವಾ ಬೈಲಾ, ನೋಂದಣಿ ಪತ್ರ, ಪ್ಯಾನ್, ಎಲ್ಲರೂ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ರಿಯಾಯಿತಿ) ಅಂತ ಕರೆಯುವ ತೆರಿಗೆ ನೋಂದಣಿಗಳು, ಸ್ವಯಂಸೇವಾ ಸಂಸ್ಥೆಗಳಿಗೆ ನೀತಿ ಆಯೋಗದ ಪೋರ್ಟಲ್‌ನಲ್ಲಿ ಸಿಗುವ ದರ್ಪಣ್ ಸಂಖ್ಯೆ, ಮೂರು ವರ್ಷದ ಆಡಿಟ್ ವರದಿ, ಟ್ರಸ್ಟಿಗಳ ಪಟ್ಟಿ. ಸಿಎಸ್‌ಆರ್ ಹಣಕ್ಕಾದರೆ ಸಿಎಸ್‌ಆರ್-1 ನೋಂದಣಿಯೂ ಬೇಕು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಕಡೆ ಇಟ್ಟುಕೊಳ್ಳಿ. ನಡಾವಳಿ ಪುಸ್ತಕ ಬರೆದಿರಲಿ, ಹಿಂದಿನ ತಾರೀಖು ಹಾಕಿ ಒಂದೇ ದಿನ ಕೂತು ಬರೆದದ್ದು ಒಂದೇ ಪೆನ್ನಿನ ಶಾಯಿಯಲ್ಲಿ ಕಂಡುಹೋಗುತ್ತದೆ. ಗಂಡ, ಹೆಂಡತಿ, ಭಾಮೈದ ಮೂವರೇ ಟ್ರಸ್ಟಿಗಳಾಗಿದ್ದರೆ ಈಗಲೇ ಹೊರಗಿನವರನ್ನು ಸೇರಿಸಿಕೊಳ್ಳಿ. ಒಳ್ಳೆ ಕೆಲಸ ಇದ್ದೂ ಇದೊಂದರಿಂದ ಹಣ ತಪ್ಪಿದ್ದನ್ನು ನೋಡಿದ್ದೇನೆ.

8. ಉತ್ತರ ಬಂದ ಮೇಲೆ

ಟ್ರಸ್ಟಿಗಳ ಸಭೆ ವರ್ಷಕ್ಕೆ ಕೆಲವೇ ಸಲ ನಡೆಯುತ್ತದೆ. ಮೊದಲ ಪುಟದಿಂದ ಮೊದಲ ಕಂತಿನವರೆಗೆ ಆರು ತಿಂಗಳಿಂದ ಒಂದು ವರ್ಷ ಹಿಡಿದರೆ ಗಾಬರಿಯಾಗಬೇಡಿ. ಅಲ್ಲಿಯವರೆಗೆ ಈ ಹಣ ನಂಬಿ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ಇಲ್ಲ ಅಂದರೆ ಕಾರಣ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ, ಹಲವರು ಹೇಳುತ್ತಾರೆ. ವಿಷಯ ಹೊಂದಲಿಲ್ಲ ಅಂದರೆ ಅಲ್ಲಿಗೆ ಬಿಡಿ. ಸಂಸ್ಥೆ ಇನ್ನೂ ಸಣ್ಣದು, ಲೆಕ್ಕ ಸರಿಯಿಲ್ಲ ಅಂದರೆ ಸರಿ ಮಾಡಿಕೊಂಡು, ಆರು ತಿಂಗಳಾದ ಮೇಲೆ ಏನೇನು ಬದಲಾಯಿತು ಅಂತ ಅರ್ಧ ಪುಟ ಕಳಿಸಿ. ಪ್ರೋಗ್ರಾಂ ಆಫೀಸರ್‌ಗಳು ಕೆಲಸ ಬದಲಿಸುತ್ತಾ ಇರುತ್ತಾರೆ. ಇಲ್ಲಿ ಇಲ್ಲ ಅಂದವರೇ ಇನ್ನೊಂದು ಫೌಂಡೇಶನ್‌ಗೆ ಹೋಗಿ ನಿಮ್ಮ ಹೆಸರು ಹೇಳಬಹುದು.

ಹೌದು ಅಂದರೆ, ಸಹಿ ಹಾಕುವ ಮೊದಲು ಮೂರು ವಿಷಯ ಬಾಯಿಬಿಟ್ಟು ಕೇಳಿ. ಎರಡನೇ ಕಂತು ತಡವಾದರೆ ಸಂಬಳಕ್ಕೆ ಏನು ಮಾಡಬೇಕು? ಬರ, ನೆರೆ, ಚುನಾವಣೆಯಿಂದ ಕೆಲಸ ನಿಂತರೆ ಹಣವನ್ನು ಬಜೆಟ್ಟಿನ ಬೇರೆ ಬಾಬ್ತಿಗೆ ಬದಲಿಸಲು ಯಾರ ಒಪ್ಪಿಗೆ ಬೇಕು? ಮೂರು ವರ್ಷ ಮುಗಿದ ಮೇಲೆ ಮುಂದುವರಿಸುವ ತೀರ್ಮಾನ ಯಾವ ತಿಂಗಳಲ್ಲಿ ಆಗುತ್ತದೆ? ಈ ಮೂರಕ್ಕೂ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡು ಒಪ್ಪಂದದ ಪ್ರತಿಯ ಜೊತೆಗೇ ಇಟ್ಟುಕೊಳ್ಳಿ. ಕೊನೆಯ ವರ್ಷ ಶುರುವಾಗುವ ದಿನವೇ ಇನ್ನೊಂದು ಕಡೆಗೆ ಕಳಿಸುವ ಒಂದು ಪುಟವನ್ನು ಬರೆಯಲು ಕೂರಿ.